ಅನಂತಣ್ಣ ಕಾಫಿ ಬೇಡವೆಂದ ದಿನ

ಆ ದಿನ ಬೆಳಿಗ್ಗೆಯೂ ಹಾಲು ಉಕ್ಕಿತು. ನಮ್ಮ ಯಜಮಾನರಿಗೆ ಓಝರಿನ ವಿಮಾನ ಕಾರ್ಖಾನೆಯ ಬಸ್ಸು ತಪ್ಪಬಾರದು, ಅವರ ಡಬ್ಬಿಯ ಮುಚ್ಚಳ ಮಾತ್ರ ನನ್ನ ಕೈಗೆ ಸಿಗಬಾರದು. ನಾಸಿಕದ ನಮ್ಮ ಪುಟ್ಟ ಮನೆಯಲ್ಲಿ ಬೆಳಗೆಂದರೆ ಇಷ್ಟೇ. ಅವರು ಬಸ್ಸಿಗೆ ಓಡಿದರು. ನಾನು ಸ್ಟೌವಿನ ಸುತ್ತ ಚೆಲ್ಲಿದ ಹಾಲು ಒರೆಸಿ, ತುಳಸಿಗೆ ನೀರು ಹಾಕಿ, ಸೆರಗಿಗೆ ಪಿನ್ನು ಚುಚ್ಚಿಕೊಂಡು ಬಾಗಿಲು ಹಾಕಿದೆ. ಕೀಲಿಕೈ ಎಂದಿನಂತೆ ಪಕ್ಕದ ಮನೆಯ ನೀಲಮ್ಮನ ಕೈಗೆ. ನೀಲಮ್ಮ ಬೀದರಿನ ಕಡೆಯವರು. ಅವರ ಯಜಮಾನರಿಗೆ ಸಾತಪುರದ ಕಾರ್ಖಾನೆಯಲ್ಲಿ ಪಾಳಿಯ ಕೆಲಸ. ಹೊಸ್ತಿಲಲ್ಲಿ ಕೂತು ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದರು.

"ಇವತ್ತರೆ ಲಗೂ ಬರ್ತೀರೇನ್ರಿ ಅಕ್ಕಾರ, ಇಲ್ಲಾ ಊರ ಮಂದಿ ಹೊಟ್ಟಿ ಎಲ್ಲಾ ನೋಡೇ ಬರ್ತೀರೋ?"

"ಮಧ್ಯಾಹ್ನದ ಊಟಕ್ಕೆ ಬಂದೇ ಬರ್ತೇನೆ" ಎಂದೆ. ದಿನವೂ ಹೇಳುವ ಸುಳ್ಳು ಅದು. ಅವರೂ ನಂಬುತ್ತಿರಲಿಲ್ಲ.

ದವಾಖಾನೆಗೆ ಹೋಗುವ ದಾರಿಯಲ್ಲಿ ಅನಂತಣ್ಣನ ಹೋಟೆಲು. ಅನಂತಣ್ಣ ಉಡುಪಿ ಕಡೆಯಿಂದ ಬಂದು ನಾಸಿಕದವರಿಗೆ ಇಡ್ಲಿಯ ರುಚಿ ಹಿಡಿಸಿದವರು. ನಾನು ಮಂಗಳೂರಿನ ಕಾನ್ವೆಂಟಿನಲ್ಲಿ ಓದಿದವಳು ಎಂದು ತಿಳಿದ ಮೇಲೆ ನನ್ನನ್ನು ತಂಗಿಯ ಲೆಕ್ಕಕ್ಕೆ ಸೇರಿಸಿಕೊಂಡಿದ್ದರು. ಗಲ್ಲೆಯ ಹಿಂದೆ ಕೂತು, ಚಿಲ್ಲರೆ ಎಣಿಸುತ್ತಲೇ ದಿನವೂ ಕೂಗುತ್ತಿದ್ದರು: "ಏನು ಡಾಕ್ಟ್ರಮ್ಮ, ಇವತ್ತು ಯಾರ ಹೊಟ್ಟೆ?" ನಾನು, "ನಿಮ್ಮ ಚಟ್ನಿ ತಿಂದವರದ್ದು" ಎನ್ನುತ್ತಿದ್ದೆ. ಮೊದಲ ಪಂಕ್ತಿಯ ಗಿರಾಕಿಗಳು ನಗುತ್ತಿದ್ದರು. ಅನಂತಣ್ಣನೂ ನಗುತ್ತಿದ್ದರು, ಜಲಜಕ್ಕ ಮಾತ್ರ ಒಳಗಿನಿಂದ, "ಚಟ್ನಿಗೆ ಎಂಥ ಆಗಿದೆಯಂತೆ ಅವಳಿಗೆ?" ಎಂದು ಜಗಳಕ್ಕೆ ಬರುತ್ತಿದ್ದರು. ಜಲಜಕ್ಕ ಅವರ ಹೆಂಡತಿ, ಅಡುಗೆಮನೆಯ ಒಡತಿ.

ಆ ದಿನ ಕೂಗು ಕೇಳಲಿಲ್ಲ. ಎರಡು ಹೆಜ್ಜೆ ಮುಂದೆ ಹೋದವಳು ಹಿಂತಿರುಗಿ ನೋಡಿದೆ. ಅನಂತಣ್ಣ ಗಲ್ಲೆಯ ಮೇಲೆ ಮೊಣಕೈ ಊರಿ ಬಗ್ಗಿ ಕೂತಿದ್ದರು. ಮುಂದೆ ಕಾಫಿಯ ಲೋಟ. ಕಾಫಿಯ ಮೇಲೆ ಕೆನೆ ಕಟ್ಟಿ, ಆ ಕೆನೆ ಸುಕ್ಕುಗಟ್ಟಿತ್ತು. ಪರಿಚಯದವರು ಯಾರು ಬಂದರೂ ಜೊತೆಗೆ ತಾವೂ ಒಂದು ಲೋಟ ಕುಡಿಯುವ ಮನುಷ್ಯ ಅವರು.

"ಅನಂತಣ್ಣ, ಕಾಫಿ ಆರಿಹೋಯ್ತು."

"ಬೇಡ ಮಾರಾಯ್ತಿ. ನಿನ್ನೆ ಸಂಜೆಯಿಂದ ಗ್ಯಾಸು."

"ತಿಂಡಿ?"

"ಅದರ ಹೆಸರು ಹೇಳ್ಬೇಡ ನೀನು."

ಇಡ್ಲಿಯ ಹಬೆಯ ನಡುವೆ ಕೂತ ಹೋಟೆಲಿನವನು ತಿಂಡಿಯ ಹೆಸರು ಬೇಡವೆಂದರೆ! ಅಷ್ಟರಲ್ಲಿ ಗಿರಾಕಿಯೊಬ್ಬನಿಗೆ ಏನೋ ತೆಗೆದುಕೊಡಲು ಅವರು ಕೆಳಗಿಳಿದರು. ಬಲಗೈ ಸೊಂಟದ ಮುಂದೆ ಹೊಟ್ಟೆಯ ಬಲಭಾಗವನ್ನು ಹಿಡಿದಿತ್ತು. ನೆಲ ಒಣಗಿಯೇ ಇತ್ತು, ಆದರೆ ಒದ್ದೆ ನೆಲದ ಮೇಲೆ ನಡೆಯುವವರ ಹಾಗೆ ಸಣ್ಣ ಸಣ್ಣ ಹೆಜ್ಜೆ ಇಡುತ್ತಿದ್ದರು.

"ದವಾಖಾನೆಗೆ ಬನ್ನಿ ಅನಂತಣ್ಣ, ಈಗಲೇ."

"ಬೆಳಿಗ್ಗೆಯ ಹೊತ್ತಿನಲ್ಲಿ ಗಲ್ಲೆ ಬಿಟ್ಟಾ? ನೀನು ಹೋಗು. ನಿಂಬೆ ಸೋಡಾ ಕುಡಿದಾಯ್ತು. ಜಲಜ ಹರಳೆಣ್ಣೆ ಬಿಸಿ ಮಾಡ್ತಿದ್ದಾಳೆ. ಮಧ್ಯಾಹ್ನಕ್ಕೆ ಎಲ್ಲ ಸಾಫ್."

ಹರಳೆಣ್ಣೆ ಎಂದೊಡನೆ ನಾನು ಚಪ್ಪಲಿ ಬಿಟ್ಟು ಒಳಗೆ ನುಗ್ಗಿದೆ. ಜಲಜಕ್ಕ ಸಣ್ಣ ಬಟ್ಟಲಿನಲ್ಲಿ ಎಣ್ಣೆ ಹಿಡಿದು ನಿಂತಿದ್ದರು.

"ಜಲಜಕ್ಕ, ಡಾಕ್ಟರು ನೋಡುವ ತನಕ ಎಣ್ಣೆ ಕೊಡಬೇಡಿ."

"ಯಾಕೆ? ನಮ್ಮಜ್ಜಿ ಮನೆಯವರಿಗೆಲ್ಲ ಸಾಲಾಗಿ ಕೂರಿಸಿ ಕೊಡ್ತಿದ್ರು. ಯಾರಿಗೂ ಎಂಥದ್ದೂ ಆಗ್ಲಿಲ್ಲ."

"ನಾನು ಡಾಕ್ಟರನ್ನು ಕೇಳಿ ಬರುವ ತನಕ ಮಾತ್ರ."

ಬಟ್ಟಲು ಕೆಳಗಿಟ್ಟರು. ಗಂಟಿಕ್ಕಿದ ಮುಖ ಹಾಗೆಯೇ ಇತ್ತು.

ನನ್ನ ಕೆಲಸ ಏನೆಂದು ಇಲ್ಲಿ ಹೇಳಿಬಿಡುತ್ತೇನೆ. ನಾನು ಡಾಕ್ಟರಲ್ಲ, ನರ್ಸೂ ಅಲ್ಲ, ಮನೆ ನೋಡಿಕೊಂಡಿದ್ದ ಹೆಂಗಸು. ಒಮ್ಮೆ ಜ್ವರವೆಂದು ಡಾಕ್ಟರ್ ಸಬ್ನೀಸರ ದವಾಖಾನೆಗೆ ಹೋಗಿದ್ದೆ. ಕುಂದಾಪುರದ ಕಡೆಯ ಒಬ್ಬಾಕೆ ಅವರ ಮುಂದೆ ಕೂತು ಕನ್ನಡದಲ್ಲಿ ಗೋಳಾಡುತ್ತಿದ್ದಳು. ಡಾಕ್ಟರು ಮರಾಠಿಯಲ್ಲಿ ಗೋಳಾಡುತ್ತಿದ್ದರು. ನಾನು ನಡುವೆ ಬಾಯಿ ಹಾಕಿದೆ. ಡಾಕ್ಟರು ನನಗೆ, "ಬಾಯಿ, ನಾಳೆಯಿಂದ ಬೆಳಿಗ್ಗೆ ಬರ್ತೀರಾ?" ಎಂದರು. ಅಲ್ಲಿ ಹೆಂಗಸರನ್ನು ಕರೆಯುವುದೇ ಬಾಯಿ ಎಂದು. ಬಂದವರನ್ನು, ಅದರಲ್ಲೂ ಹೆಂಗಸರನ್ನು, ಡಾಕ್ಟರು ಕರೆಯುವ ಮೊದಲು ಪರದೆಯ ಹಿಂದೆ ಕೂರಿಸಿ ವಿಚಾರಿಸುವುದು ನನ್ನ ಕೆಲಸ. ಗಂಡಸು ಡಾಕ್ಟರ ಮುಂದೆ ಹೊಟ್ಟೆಯ ಕೆಳಭಾಗದ ನೋವನ್ನು ಯಾವ ಸೊಸೆಯೂ ಹೇಳುತ್ತಿರಲಿಲ್ಲ. ಗೋಡೆಯ ಕ್ಯಾಲೆಂಡರನ್ನು ನೋಡುತ್ತ, "ತಲೆನೋವು" ಎಂದು ಎದ್ದು ಹೋಗುತ್ತಿದ್ದರು.

ಈಗ ದವಾಖಾನೆಯ ಮುಂದಿನ ಮೇಜಿಗೆ ಬಂದು ಕೂರುವ ಹುಡುಗಿಯರಿಗೆ ಕಂಪ್ಯೂಟರಿದೆ, ಒಳಗೆ ಸೋನೋಗ್ರಫಿ ಇದೆ. ನಮ್ಮ ಕಾಲದಲ್ಲಿ ಕುದಿಯುವ ನೀರಿನಲ್ಲಿ ಗಾಜಿನ ಸಿರಿಂಜು, ಮನೆಯಿಂದ ತಂದ ಬಾಟಲಿಗೆ ಕೆಂಪು ಮಿಕ್ಸ್‌ಚರು, ಡೋಸಿನ ಅಳತೆಗೆಂದು ಬಾಟಲಿಗೆ ಅಂಟಿಸಿದ ಕತ್ತರಿಸಿದ ಕಾಗದದ ಪಟ್ಟಿ. ಹೊಟ್ಟೆಯೊಳಗೆ ಏನಿದೆ ಎಂದು ತಿಳಿಯಲು ಡಾಕ್ಟರ ಕೈ ಮತ್ತು ರೋಗಿಯ ಬಾಯಿ, ಇವೆರಡೇ. ಬಾಯಿ ಬಿಡಿಸುವುದು ಸುಲಭವೆಂದು ತಿಳಿದಿದ್ದೆ. ಕಾನ್ವೆಂಟಿನ ಸಿಸ್ಟರುಗಳು ನೆಟ್ಟಗೆ ನಿಂತು, ಸ್ಪಷ್ಟವಾಗಿ, ವಿನಯದಿಂದ ಪ್ರಶ್ನೆ ಕೇಳಲು ಕಲಿಸಿದ್ದರಲ್ಲ! ಮೊದಲ ವಾರ ಹಾಗೆಯೇ ನೆಟ್ಟಗೆ ನಿಂತು ಕೇಳಿದೆ. ಚಾಂದವಡದಿಂದ ಈರುಳ್ಳಿಯ ಗಾಡಿಯಲ್ಲಿ ಬಂದಿದ್ದ ಮುದುಕಿಯೊಬ್ಬಳು ಮಗನ ಕಡೆ ತಿರುಗಿ, "ಈ ಬಾಯಿ ಪೋಲೀಸರವಳೇನೋ?" ಎಂದಳು. ಡಾಕ್ಟರು ಒಳಗಿನಿಂದ ಕೆಮ್ಮಿದಂತೆ ಮಾಡಿ ನಕ್ಕದ್ದು ನನಗೆ ಕೇಳಿಸಿತು. ಮರುದಿನದಿಂದ ನಾನೂ ಬೆಂಚಿನ ಮೇಲೆ ಅವರ ಪಕ್ಕದಲ್ಲೇ ಕೂತೆ.

ಆಮೇಲೆ ಒಂದೊಂದಾಗಿ ಕಲಿತೆ. ನೋವು ಎಲ್ಲಿ ಎಂದರೆ ಇಡೀ ಅಂಗೈ ಆಡಿಸುವವರೇ ಹೆಚ್ಚು. "ಒಂದೇ ಬೆರಳಿಂದ ತೋರಿಸಿ" ಎನ್ನಬೇಕು. ಬೆರಳು ಒಂದೇ ಜಾಗಕ್ಕೆ ಹೋಗಿ ನಿಂತರೆ ಕಿವಿ ನೆಟ್ಟಗಾಗಬೇಕು. ಅಂಗೈ ಆಡಿಸಿದವರಿಗೆ ಏನೂ ಇಲ್ಲವೆಂದಲ್ಲ, ಅವರನ್ನು ಇನ್ನಷ್ಟು ಕೇಳಬೇಕು. ಮಕ್ಕಳ ಬೆರಳು ಮಾತ್ರ ಯಾವಾಗಲೂ ಹೊಕ್ಕುಳಿಗೇ ಹೋಗುತ್ತದೆ, ಪರೀಕ್ಷೆಯ ದಿನ ಇನ್ನೂ ಬೇಗ. ಸಾತಪುರದ ಕಾರ್ಖಾನೆಯವನೊಬ್ಬ ಒಂದು ಬೆಳಿಗ್ಗೆ ಸ್ಕೂಟರನ್ನು ಗಟಾರದ ಪಕ್ಕ ಬೀಳಿಸಿ ಒಳಗೆ ಬಂದು, ಬೆಂಚಿನಿಂದ ನೆಲಕ್ಕೆ, ನೆಲದಿಂದ ಗೋಡೆಗೆ ಹೊರಳಾಡಿದ. ಕೂತುಕೊಳ್ಳಿ ಎಂದೆ. "ಕೂರಲಿಕ್ಕೆ ಆಗ್ತಿದ್ರೆ ಇಲ್ಲಿಗೆ ಯಾಕೆ ಬರ್ತಿದ್ದೆ ಬಾಯಿ!" ಎಂದು ಕಿರುಚಿದ. ಮೂತ್ರಕೋಶದ ದಾರಿಯಲ್ಲಿ ಕಲ್ಲು. ಅದು ಹೊರಳಾಡಿಸುತ್ತದೆ. ಅದಕ್ಕಿಂತ ನನಗೆ ಹೆದರಿಕೆ ಹುಟ್ಟಿಸುತ್ತಿದ್ದವರು ಹಲಗೆಯಂತೆ ಅಲುಗಾಡದೆ ಮಲಗಿ, "ಬೆಂಚು ಮುಟ್ಟಬೇಡಿ, ಅಲುಗಿದರೆ ನೋಯ್ತದೆ" ಎನ್ನುವವರು.

ಮುಂದೆ ಯಜಮಾನರು ಕೆಲಸ ಬದಲಿಸಿ, ಈಗ ಛತ್ರಪತಿ ಸಂಭಾಜಿನಗರವಾಗಿರುವ ಔರಂಗಾಬಾದಿಗೆ ಹೋದಾಗ ಅಲ್ಲಿಯೂ ಒಂದು ದವಾಖಾನೆಯಲ್ಲಿ ಇದೇ ಕೆಲಸಕ್ಕೆ ಕೂತೆ. ಅಲ್ಲಿ ಬೀದರ, ಕಲಬುರಗಿಯವರು ಹೆಚ್ಚು. ಹೊಟ್ಟೆ ನೊಂದರೆ ಹೊಕ್ಕುಳು ಜಾರಿದೆ ಎಂದು ಅದರ ಮೇಲೆ ಪುಟ್ಟ ದೀಪ ಹಚ್ಚಿಟ್ಟು ಚೊಂಬನ್ನು ಬೋರಲು ಹಾಕುವುದು ಅಲ್ಲಿಯ ಮನೆಮನೆಯ ಪದ್ಧತಿ. ಚೊಂಬು ಚರ್ಮವನ್ನು ಹೀರಿ ಹಿಡಿಯುತ್ತದೆ. ಬಹಳಷ್ಟು ಹೊಟ್ಟೆಗಳು ತಾವಾಗಿಯೇ ಗುಣವಾಗುತ್ತವೆ, ಹೆಸರು ಚೊಂಬಿಗೆ ಬರುತ್ತದೆ. ಹೋಗಲಿ ಬಿಡಿ. ಆದರೆ ಒಮ್ಮೆ ಹೊಕ್ಕುಳ ಸುತ್ತ ಕೆಂಪು ಬಳೆಯಂಥ ಗುರುತಿನೊಂದಿಗೆ ಒಬ್ಬ ಸೊಸೆ ಬಂದಳು. ತುಟಿ ಬಿಳುಚಿತ್ತು. ಹೊಟ್ಟೆಯ ಜೊತೆ ಭುಜವೂ ನೋಯುತ್ತದೆ ಎಂದಳು. ಅತ್ತೆಯನ್ನು ನೀರು ತರುವ ನೆಪದಲ್ಲಿ ಹೊರಗೆ ಕಳಿಸಿದ ಮೇಲೆ, ಮುಟ್ಟು ನಿಂತಿದೆ ಎಂದು ಪಿಸುಗುಟ್ಟಿದಳು. ಡಾಕ್ಟರು ಸರದಿ ಎಲ್ಲ ಬಿಟ್ಟು ಅವಳನ್ನು ದೊಡ್ಡ ಆಸ್ಪತ್ರೆಗೆ ಓಡಿಸಿದರು. ಗರ್ಭ ಇರಬಾರದ ಕಡೆ ಇತ್ತು, ಒಳಗೇ ರಕ್ತ ಸೋರುತ್ತಿತ್ತು. ಬದುಕಿದಳು. ಮತ್ತೊಬ್ಬ ಕಲಬುರಗಿಯ ಸಾಹುಕಾರರು, "ಪಿತ್ತ ಆಗ್ಯಾದ್ರಿ, ಒಂದ್ ಸೋಡಾ ತರಿಸ್ರಿ" ಎಂದು ಎದೆಗೂಡಿನ ಕೆಳಗೆ ಕೈ ಇಟ್ಟುಕೊಂಡು ಕೂತಿದ್ದರು. ಚಳಿಗಾಲದಲ್ಲಿ ಅವರ ಅಂಗಿಯ ಬೆನ್ನು ಪೂರ್ತಿ ಒದ್ದೆ. ಸೋಡಾ ತರಿಸಲಿಲ್ಲ, ಡಾಕ್ಟರನ್ನು ಕರೆದೆ. ನೋವು ಹೊಟ್ಟೆಯಲ್ಲಿ, ಕಾಯಿಲೆ ಹೃದಯದಲ್ಲಿ.

ಮತ್ತೆ ಅನಂತಣ್ಣನ ಕಡೆಗೆ ಬರುತ್ತೇನೆ. ಡಾಕ್ಟರ್ ಸಬ್ನೀಸರು ಆಗಷ್ಟೇ ಬಂದು ಕೋಟು ತೂಗುಹಾಕುತ್ತಿದ್ದರು. ನಿಂತಲ್ಲೇ ಹೇಳಿದೆ: ನಿನ್ನೆ ಸಂಜೆಯಿಂದ ನೋವು, ಕಾಫಿ ಬೇಡ, ತಿಂಡಿಯ ಹೆಸರೇ ಬೇಡ, ಬಲಗಡೆ ಕೈ, ಬಗ್ಗಿದ ನಡಿಗೆ.

"ಹರಳೆಣ್ಣೆ ಕೊಟ್ಟರೇ?"

"ಸದ್ಯಕ್ಕೆ ತಡೆದಿದ್ದೇನೆ."

"ಒಳಗೆ ಹುಣ್ಣಾಗಿ ಊದಿಕೊಂಡಿದ್ದರೆ ಆ ಎಣ್ಣೆ ಕರುಳನ್ನು ಕುಲುಕಿ ಒಡೆಸಿಬಿಡುತ್ತದೆ. ಹೋಗಿ ಕರೆದುಕೊಂಡು ಬನ್ನಿ. ಬರದಿದ್ದರೆ ನಾನೇ ಅಲ್ಲಿಗೆ ಇಡ್ಲಿ ತಿನ್ನಲು ಬರುತ್ತೇನೆಂದು ಹೇಳಿ."

ಅನಂತಣ್ಣ ಬಂದರು, ಗೊಣಗುತ್ತಲೇ. "ಗಲ್ಲೆಯ ಮೇಲೆ ಅಡಿಗೆಭಟ್ಟನನ್ನು ಕೂರಿಸಿ ಬಂದೆ. ಅವನಿಗೆ ಸಾಂಬಾರಿನ ಲೆಕ್ಕ ಗೊತ್ತು, ಚಿಲ್ಲರೆ ಲೆಕ್ಕ ಗೊತ್ತಿಲ್ಲ." ಡಾಕ್ಟರು ಅವರನ್ನು ಮಲಗಿಸಿ ಒಂದು ಬೆರಳಿನಿಂದ ತೋರಿಸಲು ಹೇಳಿದರು. ಬೆರಳು ಹೊಕ್ಕುಳಿನಿಂದ ಕೆಳಗೆ ಬಲಕ್ಕೆ ಜಾರಿ ನಿಂತಿತು. ನಿನ್ನೆ ಹೊಕ್ಕುಳ ಸುತ್ತ ಇದ್ದ ನೋವು ಇಂದು ಇಲ್ಲಿಗೆ ಇಳಿದಿದೆ, ಬೆಳಗ್ಗೆ ಒಮ್ಮೆ ವಾಂತಿಯಾಯಿತು, ಅದನ್ನು ಜಲಜಳಿಗೆ ಹೇಳಿಲ್ಲ ಎಂದರು. ಡಾಕ್ಟರು ಮೆಲ್ಲಗೆ ಒತ್ತಿ ಥಟ್ಟನೆ ಕೈ ಎತ್ತಿದರು. ಒತ್ತಿದಾಗ ಹಲ್ಲು ಕಚ್ಚಿದ ಅನಂತಣ್ಣ, ಕೈ ಎತ್ತಿದಾಗ ಚೀರಿದರು.

"ಅಪೆಂಡಿಕ್ಸ್," ಎಂದರು ಡಾಕ್ಟರು. "ಇವತ್ತೇ ಆಪರೇಷನ್. ಈಗಿನಿಂದ ಬಾಯಿಗೆ ಏನೂ ಹಾಕಬಾರದು, ನೀರು ಕೂಡ."

ಅನಂತಣ್ಣ ನನ್ನ ಮುಖ ನೋಡಿದರು. ಆಗ ಮೊದಲ ಬಾರಿ ಅವರ ಕಣ್ಣಿನಲ್ಲಿ ಹೆದರಿಕೆ ಕಂಡೆ. "ಒಮ್ಮೆ ಮನೆಗೆ ಹೋಗಿ ದೇವರಿಗೆ ಕೈ ಮುಗಿದು, ಜಲಜಳಿಗೆ ಹೇಳಿ ಬರ್ತೇನೆ" ಎಂದರು. ಮನೆ ಹೋಟೆಲಿನ ಹಿಂಬದಿಯಲ್ಲೇ ಇತ್ತು. ನಾನೇ ಅವರನ್ನು ಅಲ್ಲಿಗೆ ಬಿಟ್ಟು, ಬಾಗಿಲಲ್ಲಿ ನಿಂತ ಜಲಜಕ್ಕನಿಗೆ ಕನ್ನಡದಲ್ಲೇ ಹೇಳಿದೆ, "ಊಟ ತಿಂಡಿ ಏನೂ ಕೊಡಬೇಡಿ, ನೀರೂ ಬೇಡ." ಅವರು ತಲೆಯಾಡಿಸಿದರು. ನಾನು ಟಾಂಗಾ ಹುಡುಕಲು ಹೋದೆ. ಕುದುರೆಯವನು ಹುಲ್ಲು ಹಾಕಿ ಬರುತ್ತೇನೆಂದು ಸ್ವಲ್ಪ ಹೊತ್ತು ಮಾಡಿದ.

ಆಸ್ಪತ್ರೆಯಲ್ಲಿ ಎಲ್ಲ ಬೇಗಬೇಗನೆ ನಡೆಯಿತು. ಅನಂತಣ್ಣನಿಗೆ ಹಸಿರು ಅಂಗಿ ಹಾಕಿದರು. ಆಪರೇಷನ್ನಿಗೆ ಮತ್ತು ಬರಿಸುವ ಡಾಕ್ಟರು ಚುರುಕಾದ ಸಣ್ಣ ವಯಸ್ಸಿನ ಹೆಂಗಸು. ಬಂದವರೇ, "ಕಾಹೀ ಖಾಲ್ಲ ಕಾ?" ಏನಾದರೂ ತಿಂದಿದ್ದಾರಾ ಎಂದು ಕೇಳಿದರು. ಜಲಜಕ್ಕ ಜೋರಾಗಿ ತಲೆಯಾಡಿಸಿದರು. "ನಾಹೀ, ನಾಹೀ." ಅನಂತಣ್ಣ ಕಣ್ಣು ಮುಚ್ಚಿಕೊಂಡರು. ನೋವಿಗೆ ಎಂದುಕೊಂಡೆ.

ಆದರೆ ಅವರ ಮೀಸೆಯ ತುದಿಯಲ್ಲಿ ಬಿಳಿಯ ಪೊರೆಯೊಂದು ಒಣಗುತ್ತಿತ್ತು. ಜಲಜಕ್ಕನ ಚೀಲದಿಂದ ಸಣ್ಣ ಡಬ್ಬಿಯೊಂದರ ಹಿಡಿ ಹೊರಗೆ ಇಣುಕಿತ್ತು. ಸ್ಪಿರಿಟ್ಟಿನ ವಾಸನೆಯ ಆ ವರಾಂಡದಲ್ಲಿ ತುಪ್ಪದ, ಜೀರಿಗೆಯ ಪರಿಮಳ ಎಲ್ಲಿಂದ ಬರಬೇಕು?

"ತಿಂದರಾ" ಎಂದು ಕೇಳಿದರೆ ಹೆದರಿದವರ ಬಾಯಿಂದ ಬರುವುದು "ಇಲ್ಲ" ಒಂದೇ. ಇಷ್ಟು ವರ್ಷ ಬೆಂಚಿನ ಮೇಲೆ ಕೂತು ನಾನು ಕಲಿತದ್ದು ಅದು. ಜಲಜಕ್ಕನ ಪಕ್ಕ ಕೂತು, ಅಡುಗೆಮನೆಯಲ್ಲಿ ಮಾತಾಡುವ ಹಾಗೆ ಕೇಳಿದೆ.

"ಜಲಜಕ್ಕ, ಗಂಜಿಗೆ ತುಪ್ಪ ಎಷ್ಟು ಹಾಕಿದ್ರಿ?"

"ಒಂದೇ ಚಮಚ ಮಾರಾಯ್ತಿ. ಉಪ್ಪಿನಕಾಯಿ ಎಲ್ಲ ಕೊಡ್ಲಿಲ್ಲಪ್ಪ" ಎಂದವರು ನನ್ನ ಮುಖ ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಅನಂತಣ್ಣನ ಟ್ರಾಲಿ ಅಷ್ಟರಲ್ಲಿ ಒಳಗಿನ ಬಾಗಿಲಿನ ಹತ್ತಿರ ಹೋಗಿತ್ತು. ನಾನು ಓಡಿದೆ. ಹುಡುಗಿಯರು ವರಾಂಡದಲ್ಲಿ ಓಡಬಾರದೆಂದು ಕಾನ್ವೆಂಟಿನಲ್ಲಿ ಹೇಳಿಕೊಟ್ಟದ್ದನ್ನು ಅಂದು ಪೂರ್ತಿ ಮರೆತಿದ್ದೆ. ಗಂಜಿಯ ಮಾತು ಕೇಳಿ ಮತ್ತು ಬರಿಸುವ ಡಾಕ್ಟರು ಟ್ರಾಲಿಯನ್ನು ಅಲ್ಲೇ ನಿಲ್ಲಿಸಿದರು. ಸಿಟ್ಟು ಮಾಡಿದರು, ಆಮೇಲೆ ವಿವರಿಸಿದರು. ಎಚ್ಚರ ತಪ್ಪಿ ಮಲಗಿದವನ ಹೊಟ್ಟೆಯಲ್ಲಿದ್ದದ್ದು ಗಂಟಲಿಗೆ ಬಂದು ಉಸಿರಿನ ಕೊಳವೆಗೆ ಇಳಿದರೆ, ಅಪೆಂಡಿಕ್ಸಿನಿಂದ ಬದುಕಿದವನು ಗಂಜಿಯಿಂದ ಹೋಗುತ್ತಾನೆ.

ಜಲಜಕ್ಕ ವರಾಂಡದ ಗೋಡೆಗೆ ಒರಗಿ ಅಳುತ್ತಿದ್ದರು. "ನೀನು ಊಟ ತಿಂಡಿ ಬೇಡ ಎಂದೆ. ನಾನು ಕೊಡ್ಲಿಲ್ಲ. ಗಂಜಿತೆಳಿ, ಆ ಬಿಳಿ ನೀರು, ಊಟವಾ? ಜ್ವರದವರಿಗೆ, ಬಾಣಂತಿಗೆ, ಯಾರಿಗೆ ಕೊಡುವುದಿಲ್ಲ ಹೇಳು? ಬರೀ ಹೊಟ್ಟೆಯಲ್ಲಿ ಒಬ್ಬರನ್ನು ಕೊಯ್ಯಲಿಕ್ಕೆ ಮಲಗಿಸುವುದು ಹೇಗೆ? ನಮ್ಮ ಹೋಟೆಲಿನ ಮೆಟ್ಟಿಲು ಹತ್ತಿದವರು ಒಬ್ಬರೂ ಹಸಿದು ಹೋಗ್ಲಿಲ್ಲ. ಇವರನ್ನೇ ನಾನು ಹಸಿದು ಕಳಿಸುವುದಾ?"

ಕರಾವಳಿಯ ಯಾವ ಮನೆಯಲ್ಲಿ ಕಾಯಿಲೆಯವರಿಗೆ ಗಂಜಿ ಇಡುವುದಿಲ್ಲ?

ಸರ್ಜನ್ ಬಂದರು. ಈಗ ಎರಡು ಕಡೆಯೂ ಕಷ್ಟ. ಕಾಯದೆ ಕೊಯ್ದರೆ ಗಂಜಿಯ ಭಯ. ಹೆಚ್ಚು ಕಾದರೆ ಊದಿದ ಅಪೆಂಡಿಕ್ಸ್ ಒಳಗೇ ಒಡೆಯುವ ಭಯ. ಕೊನೆಗೆ ಮೂಗಿನಿಂದ ನಳಿಕೆ ಇಳಿಸಿ ಆದಷ್ಟು ಹೊರತೆಗೆದು, ಸ್ವಲ್ಪ ಹೊತ್ತು ಕಾದು, ಪೂರ್ತಿ ಮತ್ತು ಬರಿಸದೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡುವುದೆಂದಾಯಿತು. ನರ್ಸು ದೊಡ್ಡ ಸಿರಿಂಜಿನಿಂದ ಎಳೆದಳು. ತುಪ್ಪದ ಹನಿ ತೇಲುವ ಬಿಳಿ ನೀರು ಬಟ್ಟಲಿಗೆ ಬಿತ್ತು. ಅನಂತಣ್ಣ ಒಂದೊಂದೇ ಮಾತು ಹೊರಡಿಸಿ ಹೇಳಿದರು:

"ನಮ್ಮ ಹೋಟೆಲಿನಲ್ಲಿ... ಒಮ್ಮೆ ಬಡಿಸಿದ್ದು... ವಾಪಸ್ ತಗೊಳ್ಳುವ ಪದ್ಧತಿ ಇಲ್ಲ."

ನನಗೆ ನಗುವೂ ಬಂತು, ಕಣ್ಣೂ ಒದ್ದೆಯಾಯಿತು.

ಸರ್ಜನ್ ಹೋಗುವ ಮುನ್ನ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು, "ನೋವು ಇದ್ದಕ್ಕಿದ್ದಂತೆ ಕಡಿಮೆಯಾಯಿತು ಎಂದರೆ ಆ ಕ್ಷಣವೇ ನನ್ನನ್ನು ಕರೆಯಿರಿ. ಅದು ಗುಣವಾದದ್ದಲ್ಲ, ಒಡೆದದ್ದು." ಓದುವವರು ಇದೊಂದನ್ನು ನೆನಪಿಟ್ಟುಕೊಳ್ಳಿ. ಇಂಥ ನೋವು ಔಷಧಿಯಿಲ್ಲದೆ ಥಟ್ಟನೆ ನಿಂತರೆ ಮನೆಗೆ ಹೋಗಬಾರದು, ಆಸ್ಪತ್ರೆಗೆ ಓಡಬೇಕು.

ಆ ಕಾಯುವ ಹೊತ್ತು ಹೇಗಿತ್ತೆಂದರೆ, ಮಂಚದ ಒಂದು ಪಕ್ಕದಲ್ಲಿ ಜಲಜಕ್ಕ, ಇನ್ನೊಂದು ಪಕ್ಕದಲ್ಲಿ ನಾನು. ಜಲಜಕ್ಕ ಕೃಷ್ಣ, ಕೃಷ್ಣ, ಇವರ ನೋವು ಕಡಿಮೆ ಮಾಡು ಎಂದು ಗಟ್ಟಿಯಾಗಿಯೇ ಬೇಡುತ್ತಿದ್ದರು. ನಾನು ಮನಸ್ಸಿನಲ್ಲಿ, ದೇವರೇ, ಇನ್ನೂ ಸ್ವಲ್ಪ ಹೊತ್ತು ನೋಯಲಿ ಎಂದು ಬೇಡುತ್ತಿದ್ದೆ. ಕಿಟಕಿಯ ಆಚೆ ಒಬ್ಬಾಕೆ ಆಸ್ಪತ್ರೆಯ ಬಿಳಿ ಹೊದಿಕೆಗಳನ್ನು ಒಣಹಾಕುತ್ತಿದ್ದಳು.

"ಅನಂತಣ್ಣ, ನೋಯ್ತದಾ?"

"ನೋಯ್ತದೆ."

ನನಗೆ ಹಾಯೆನಿಸುತ್ತಿತ್ತು. ಜಲಜಕ್ಕ ನನ್ನನ್ನು ದುರುಗುಟ್ಟಿ ನೋಡುತ್ತಿದ್ದರು. ಸ್ವಲ್ಪ ಹೊತ್ತಿನ ನಂತರ ಮತ್ತೆ ಕೇಳುತ್ತಿದ್ದೆ. ಕೊನೆಗೊಮ್ಮೆ ಅವರಿಗೆ ತಡೆಯಲಾಗಲಿಲ್ಲ. "ಎಂಥದ್ದು ನಿಂದು? ನೋಯ್ತದೆ ಎಂದರೆ ನಿನಗೆ ಖುಷಿಯಾ?"

ವರಾಂಡಕ್ಕೆ ಕರೆದೊಯ್ದು ಹೇಳಬಹುದಿತ್ತು. ಆದರೆ ಇಬ್ಬರೂ ಎದ್ದು ಹೋದರೆ ಅನಂತಣ್ಣನನ್ನು ಯಾರು ಕೇಳುವುದು? ಮಂಚ ಸುತ್ತಿ ಹೋಗಿ ಜಲಜಕ್ಕನ ಕಿವಿಯ ಹತ್ತಿರ ಬಗ್ಗಿ ಸರ್ಜನ್ ಹೇಳಿದ್ದನ್ನು ಹೇಳಿದೆ. ಜಲಜಕ್ಕನ ಜಪ ನಿಂತಿತು. ಗಂಡನ ಕಾಲ ಮೇಲಿನ ಹೊದಿಕೆ ಸರಿಮಾಡಿ, ತಾವೇ ಕೇಳಿದರು:

"ಇವರೇ, ಇನ್ನೂ ನೋಯ್ತದಲ್ಲ?"

"ನೋಯ್ತದೆ ಮಾರಾಯ್ತಿ, ಎಷ್ಟು ಸಲ ಕೇಳ್ತೀರಿ ಇಬ್ಬರೂ!"

"ನೋಯಲಿ, ನೋಯಲಿ" ಎಂದರು ಜಲಜಕ್ಕ, ಕಣ್ಣು ಒರೆಸಿಕೊಳ್ಳುತ್ತ. ಮೂಗಿನಲ್ಲಿ ನಳಿಕೆ ಇದ್ದರೂ ಅನಂತಣ್ಣ ಹೆಂಡತಿಯನ್ನು ನೋಡಿದ ನೋಟ ಇವತ್ತಿಗೂ ನನ್ನ ಕಣ್ಣ ಮುಂದಿದೆ. ಇಷ್ಟು ವರ್ಷ ಸಂಸಾರ ಮಾಡಿ ಕೊನೆಗೆ ಕೇಳಬೇಕಾದದ್ದು ಇದನ್ನೇ ಎನ್ನುವ ಹಾಗಿತ್ತು.

ಬಿಸಿಲು ಇಳಿಯುವ ಮೊದಲು ಅವರನ್ನು ಒಳಗೆ ಕರೆದೊಯ್ದರು. ನಾವಿಬ್ಬರೂ ಬೆಂಚಿನ ಮೇಲೆ ಕೂತೆವು. ಜಲಜಕ್ಕ ಡಬ್ಬಿಯನ್ನು ಚೀಲದೊಳಗೆ ಇನ್ನೂ ಕೆಳಕ್ಕೆ ತಳ್ಳಿದರು. ಬಾಗಿಲು ತೆರೆದಾಗ ಸರ್ಜನ್ ಕೈಯಲ್ಲಿ ಒಂದು ಬಾಗಿದ ತಟ್ಟೆ, ಅದರಲ್ಲಿ ಕಿರುಬೆರಳಿಗಿಂತ ದಪ್ಪಗೆ ಊದಿ, ತುದಿ ಕಪ್ಪಾದ ಒಂದು ತುಂಡು.

"ಒಡೆದಿರಲಿಲ್ಲ. ಆದರೆ ರಾತ್ರಿಯವರೆಗೆ ತಡೆಯುತ್ತಿರಲಿಲ್ಲ."

ಜಲಜಕ್ಕ ಬಗ್ಗಿ ನೋಡಿದರು. "ಇಷ್ಟೇಯಾ? ಬಜ್ಜಿ ಮೆಣಸಿನ ಹಾಗೆ ಉಂಟಲ್ಲ!" ಸರ್ಜನ್‌ಗೆ ಏನೆಂದು ಅರ್ಥವಾಗಲಿಲ್ಲ, ನಾನೂ ಮರಾಠಿಗೆ ತಿರುಗಿಸಲಿಲ್ಲ.

ಕರುಳು ಮತ್ತೆ ಕೆಲಸ ಶುರುಮಾಡಿ ಗಾಳಿ ಹೋಗುವ ತನಕ ಬಾಯಿಗೆ ಏನೂ ಇಲ್ಲ, ತುಟಿಗೆ ಒದ್ದೆ ಹತ್ತಿ ಮಾತ್ರ, ಯಾವಾಗ ಕೊಡಬೇಕೆಂದು ನಾವೇ ಹೇಳುತ್ತೇವೆ ಎಂದು ಅವರು ಹೇಳಿ ಹೋದರು.

ಈ ಸಲ ನಾನು "ಊಟ ತಿಂಡಿ" ಎಂದು ಬಿಡಲಿಲ್ಲ. ಹೊಸ ಹುಡುಗಿಯರಿಗೆ ನನ್ನ ಬುದ್ಧಿಮಾತು ಇಷ್ಟೇ: ಏನೂ ಕೊಡಬೇಡಿ ಎಂದರೆ ಯಾರಿಗೂ ತಿಳಿಯುವುದಿಲ್ಲ, ಒಂದೊಂದನ್ನೂ ಹೆಸರು ಹಿಡಿದು ಹೇಳಬೇಕು. ಜಲಜಕ್ಕನ ಎರಡೂ ಕೈ ಹಿಡಿದುಕೊಂಡು ಹೇಳಿದೆ: ಗಂಜಿ ಇಲ್ಲ, ಗಂಜಿತೆಳಿ ಇಲ್ಲ, ಕಾಫಿ ಇಲ್ಲ, ಎಳನೀರಿಲ್ಲ, ಮಜ್ಜಿಗೆ ನೀರಿಲ್ಲ, ಗ್ಲೂಕೋಸ್ ನೀರಿಲ್ಲ, ಜೇನು ನೆಕ್ಕಿಸುವುದಿಲ್ಲ.

"ತೀರ್ಥ?"

"ತೀರ್ಥವೂ ಇಲ್ಲ."

"ಒಂದು ಹನಿ?"

"ತಲೆಗೆ ಪ್ರೋಕ್ಷಣೆ ಮಾಡಿ ಜಲಜಕ್ಕ."

ಅವರು ಯೋಚಿಸಿ ಒಪ್ಪಿದರು. "ತಲೆಗಾದರೆ ಅಡ್ಡಿಯಿಲ್ಲ." ಆಮೇಲೆ ಚೀಲದಿಂದ ಆ ಡಬ್ಬಿಯನ್ನು ತೆಗೆದು ನನ್ನ ಕೈಯಲ್ಲಿಟ್ಟರು. "ನೀನೇ ತಗೊಂಡು ಹೋಗು. ನನ್ನ ಹತ್ತಿರ ಇದ್ದರೆ ಅವರು ಹಸಿವೆ ಎಂದಾಗ ನನ್ನ ಕೈ ತಡೆಯಲಿಕ್ಕಿಲ್ಲ."

ಡಬ್ಬಿ ಹಿಡಿದುಕೊಂಡು ಮನೆಗೆ ಬಂದಾಗ ಸಂಜೆ ದೀಪ ಹಚ್ಚುವ ಹೊತ್ತು. ಯಜಮಾನರ ಬಸ್ಸು ಇನ್ನೂ ಬಂದಿರಲಿಲ್ಲ. ನೀಲಮ್ಮ ಕೀಲಿಕೈ ಕೊಡುತ್ತ, "ಮಧ್ಯಾಹ್ನ ಆತೇನ್ರಿ ಅಕ್ಕಾರ?" ಎಂದು ಕೆಣಕಿದರು. ಅವರ ಹೊಸ್ತಿಲಲ್ಲೇ ಕುಸಿದು ಕೂತು ಎಲ್ಲವನ್ನೂ ಹೇಳಿದೆ: ಕಾಫಿಯ ಕೆನೆ, ಹರಳೆಣ್ಣೆ, ಗಂಜಿ, ಮೂಗಿನ ನಳಿಕೆ, ನೋವಿರಲಿ ಎಂದು ಬೇಡಿದ್ದು, ಕಪ್ಪಾದ ತುದಿ. ನೀಲಮ್ಮ ರೊಟ್ಟಿಗೆ ಹಿಟ್ಟು ಜರಡಿ ಹಿಡಿಯುತ್ತ, "ಅಯ್ಯ ಶಿವನ!" ಎನ್ನುತ್ತ, ನಡುನಡುವೆ ಜರಡಿ ನಿಲ್ಲಿಸಿ ಕೆನ್ನೆಗೆ ಕೈ ಇಟ್ಟುಕೊಳ್ಳುತ್ತ, ಒಂದು ಮಾತೂ ಬಿಡದೆ ಕೇಳಿದರು. ಗಂಜಿಯಿಂದ ಜೀವ ಹೋಗುತ್ತಿತ್ತು ಎಂಬಲ್ಲಿ ಅವರ ಕಣ್ಣು ತುಂಬಿ ಬಂತು. ಇವರಿಗಾದರೂ ಅರ್ಥವಾಯಿತಲ್ಲ ಎಂದು ನನಗೆ ಸಮಾಧಾನವಾಯಿತು.

ನಾನು ಏಳುವಾಗ ನೀಲಮ್ಮ ಜರಡಿಯನ್ನು ಎರಡು ಸಲ ತಟ್ಟಿ, ಹಿಟ್ಟಿನ ಕೈಯಿಂದ ಮುಂಗುರುಳು ಹಿಂದಕ್ಕೆ ಸರಿಸಿ ಹೇಳಿದರು:

"ಅಕ್ಕಿ ಗಂಜಿ ಭಾರ ಆಗ್ತದ್ರಿ ಅಕ್ಕಾರ, ಅದಕ್ಕ ಹಂಗಾಗ್ಯಾದ. ನಾಳಿ ಮುಂಜಾನೆ ನಾ ಒಂದೀಟ ಜ್ವಾಳದ ಅಂಬಲಿ ಮಾಡಿ ಒಯ್ದು ಕೊಟ್ಟ ಬರ್ತೀನಿ. ಪಾಪ, ಮನಷಾ ಎಷ್ಟ ಹಸದಿರಬೇಕು."